ನೋಯದ ಪಿತ್ತಕೋಶ

ಕನ್ನಡದಲ್ಲಿ ‘ಪಿತ್ತ’ ಎಂಬ ಮಾತಿಗೆ ಹೊಟ್ಟೆಗಿಂತ ನೆತ್ತಿಯೊಡನೆ ಹೆಚ್ಚಿನ ನಂಟು. ಸಿಟ್ಟಿಗೆದ್ದವನಿಗೆ ಪಿತ್ತ ನೆತ್ತಿಗೇರಿದೆ ಎನ್ನುತ್ತೇವೆ. ಬೆಳಿಗ್ಗೆ ಏಳುವಾಗ ತಲೆ ಸುತ್ತಿದರೆ, ಬಾಯಿ ಕಹಿಯಾದರೆ, ಪಿತ್ತವಾಗಿದೆ ಎಂದು ಜೀರಿಗೆ ಕಷಾಯ ಕುಡಿಯುತ್ತೇವೆ. ಆ ಪಿತ್ತ ಹುಟ್ಟುವ ಯಕೃತ್ತನ್ನಾಗಲಿ, ಅದನ್ನು ಕೂಡಿಡುವ ಪಿತ್ತಕೋಶವನ್ನಾಗಲಿ ನೆನೆಯುವುದು ಅಪರೂಪ. ಯಕೃತ್ತಿನ ಅಡಿಗೆ ಅಂಟಿಕೊಂಡಿರುವ, 30ರಿಂದ 50 ಮಿಲಿಲೀಟರ್ ಹಿಡಿಸುವ ಒಂದು ತೆಳುಗೋಡೆಯ ಚೀಲ ಅದು. ಕಲ್ಲು ಕಟ್ಟಿ ನೋವು ಕೊಟ್ಟಾಗಲೇ ಬಹುಪಾಲು ಜನರಿಗೆ ಅದರ ಪರಿಚಯ. ನೋವನ್ನೇ ಕೊಡದ ಒಂದು ಪಿತ್ತಕೋಶ ನಮ್ಮ ಮನೆಯನ್ನು ನಾಲ್ಕು ತಿಂಗಳು ಕಂಗೆಡಿಸಿತು. ಈ ಬರಹ ಅದನ್ನು ಕುರಿತದ್ದು.

ನಾವು ಧಾರವಾಡದ ಕಡೆಯವರು. ಪುಣೆಗೆ ಬಂದು ಎರಡು ದಶಕಗಳು ಸಂದವು. ಕೋಥ್ರೂಡಿನ ಮನೆಯಲ್ಲಿ ನಾವಿಬ್ಬರು ಮತ್ತು ಅವ್ವ. ತಂಗಿ ಮತ್ತು ಅವಳ ಗಂಡ ಔಂಧಿನಲ್ಲಿ. ತಂಗಿಗೆ ಮೂವತ್ತೆಂಟು ವರ್ಷ. ಹಿಂಜವಡಿಯಲ್ಲಿರುವ ಅವಳ ಕಚೇರಿ ವರ್ಷಕ್ಕೊಮ್ಮೆ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸುತ್ತದೆ. ಒಂದು ಮಳೆಗಾಲದ ತಪಾಸಣೆಯಲ್ಲಿ, ಅಲ್ಟ್ರಾಸೌಂಡ್ ವರದಿಯ ಕೊನೆಯ ಸಾಲಿನಲ್ಲಿ, ಪಿತ್ತಕೋಶದ ಗೋಡೆ ದಪ್ಪವಾಗಿದೆ, ಕಲ್ಲುಗಳಿಲ್ಲ ಎಂದು ಬರೆದಿತ್ತು. ನೋಡಿದ ವೈದ್ಯರು ಮೊದಲು ಕೇಳಿದ್ದು ಇತ್ತೀಚೆಗೆ ಡೆಂಗಿ ಜ್ವರ ಬಂದಿತ್ತೇ ಎಂದು. ಡೆಂಗಿಯಲ್ಲಿ ಪಿತ್ತಕೋಶದ ಗೋಡೆ ಊದಿಕೊಳ್ಳುವುದುಂಟು, ಮಳೆಗಾಲದ ಪುಣೆಯಲ್ಲಿ ಆ ಪ್ರಶ್ನೆ ಸಹಜವಾದದ್ದೇ. ಜ್ವರವೇನೂ ಬಂದಿರಲಿಲ್ಲ. ಎರಡು ತಿಂಗಳ ಬಳಿಕ ಮತ್ತೆ ನೋಡಿದಾಗಲೂ ಗೋಡೆಯ ದಪ್ಪ ಇಳಿದಿರಲಿಲ್ಲ. ಪಿತ್ತನಾಳಗಳ ಎಂ.ಆರ್.ಐ. ಚಿತ್ರ ತೆಗೆಸಿದರು. ಅದರ ಬೆನ್ನಿಗೆ, ಬಾಯಿಯ ಮೂಲಕ ಕೊಳವೆ ಇಳಿಸಿ ಒಳಗಿನಿಂದಲೇ ಅಲ್ಟ್ರಾಸೌಂಡ್ ಮಾಡುವ ಇನ್ನೊಂದು ಪರೀಕ್ಷೆಯೂ ನಡೆಯಿತು. ಆಗ ತಿಳಿಯಿತು: ಪಿತ್ತಕೋಶದ ಗೋಡೆ ದಪ್ಪವಾಗಿದ್ದಕ್ಕೆ ಕಾರಣ ಪಿತ್ತಕೋಶದಲ್ಲಿರಲಿಲ್ಲ. ಅದು ಅಲ್ಲಿಂದ ಕೆಳಗೆ, ಎರಡು ನಾಳಗಳು ಕೂಡುವ ಜಾಗದಲ್ಲಿತ್ತು.

ವೈದ್ಯರು ಮರಾಠಿಯಲ್ಲಿ ವಿವರಿಸಿದರು. ಮೇದೋಜೀರಕ ಗ್ರಂಥಿಗೆ ಮರಾಠಿಯಲ್ಲಿ ‘ಸ್ವಾದುಪಿಂಡ’ ಎನ್ನುತ್ತಾರೆ. ಇಪ್ಪತ್ತು ವರ್ಷ ಮರಾಠಿಯಲ್ಲಿ ತರಕಾರಿ ಕೊಂಡು, ಮರಾಠಿಯಲ್ಲಿ ರಿಕ್ಷಾದವರೊಡನೆ ವಾದಿಸಿದ ನಮಗೆ ಆ ಮಾತು ಅಲ್ಲಿಯವರೆಗೆ ಕಿವಿಗೆ ಬಿದ್ದಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಕನ್ನಡದಲ್ಲಿ ಹೇಳಹೊರಟಾಗ ತೊಡಕು ಇನ್ನೂ ಹೆಚ್ಚಿತು. ‘ಮೇದೋಜೀರಕ’ ಎಂದೊಡನೆ ಅವ್ವನಿಗೆ ಕೇಳಿಸಿದ್ದು ಜೀರಿಗೆ. ಪಿತ್ತಕ್ಕೆ ಜೀರಿಗೆ ಒಳ್ಳೆಯದೇ ಅಲ್ಲವೇ ಎಂದು ಅವರು ಅರ್ಧ ಸಮಾಧಾನವನ್ನೂ ಪಟ್ಟುಕೊಂಡರು. ಊರು ಬಿಟ್ಟವರ ಮನೆಗಳಲ್ಲಿ ರೋಗವನ್ನು ಹೀಗೆ ಎರಡು ಮೂರು ಸಲ ಅನುವಾದಿಸಬೇಕಾಗುತ್ತದೆ: ವರದಿಯ ಇಂಗ್ಲಿಷಿನಿಂದ ವೈದ್ಯರ ಮರಾಠಿಗೆ, ಅಲ್ಲಿಂದ ಅವ್ವನ ಕನ್ನಡಕ್ಕೆ. ಪ್ರತಿ ದಾಟಿನಲ್ಲೂ ಒಂದಿಷ್ಟು ಅರ್ಥ ಸೋರಿಹೋಗುತ್ತದೆ. ಹಾಗಾಗಿ ನಾವು ಪದಗಳನ್ನು ಬದಿಗಿಟ್ಟು ಅವ್ವನಿಗೆ ಗೊತ್ತಿರುವ ಒಂದು ಜಾಗವನ್ನು ಹಿಡಿದು ಹೇಳಬೇಕಾಯಿತು. ಆ ಜಾಗ ಕೂಡಲಸಂಗಮ.

ಮೊದಲು ಸರಿಯಾದ ರಚನೆ ಹೇಗಿರುತ್ತದೆ ಎಂಬುದು. ಯಕೃತ್ತಿನಿಂದ ಪಿತ್ತರಸವನ್ನು ತರುವ ನಾಳವೊಂದು. ಮೇದೋಜೀರಕ ಗ್ರಂಥಿಯಿಂದ ಜೀರ್ಣರಸವನ್ನು ತರುವ ನಾಳ ಇನ್ನೊಂದು. ಎರಡೂ ಸಣ್ಣ ಕರುಳಿನ ಮೊದಲ ಭಾಗದ ಗೋಡೆಯೊಳಗೆ ಬಂದು, ಕೊನೆಯ ಕೆಲವೇ ಮಿಲಿಮೀಟರುಗಳಲ್ಲಿ ಕೂಡಿ, ಕರುಳಿಗೆ ತೆರೆದುಕೊಳ್ಳುತ್ತವೆ. ಅವು ಕೂಡುವ ಕಡೆಯಲ್ಲೇ ಸುತ್ತುವರಿದು ನಿಂತ ಸ್ನಾಯುವಿನ ಬಳೆಯೊಂದಿದೆ. ಇಟಲಿಯ ರುಜ್ಜೆರೊ ಓಡ್ಡಿ 1887ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅದನ್ನು ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಊಟವಾದಾಗ ಬಳೆ ಸಡಿಲುತ್ತದೆ, ಎರಡು ರಸಗಳೂ ಕರುಳಿಗೆ ಇಳಿಯುತ್ತವೆ. ಉಳಿದ ಹೊತ್ತು ಅದು ಬಿಗಿದಿರುತ್ತದೆ. ಕೂಡುವ ಜಾಗವೇ ಬಳೆಯ ಹಿಡಿತದಲ್ಲಿರುವುದರಿಂದ ಒಂದರ ರಸ ಇನ್ನೊಂದರ ನಾಳಕ್ಕೆ ನುಗ್ಗುವ ಸಂಭವ ಕಡಿಮೆ.

ತಂಗಿಯಲ್ಲಿ ಆ ಎರಡು ನಾಳಗಳು ಕರುಳಿನ ಗೋಡೆಯನ್ನು ತಲುಪುವ ಮೊದಲೇ, ಹೊರಗೇ ಕೂಡಿಬಿಟ್ಟಿದ್ದವು. ಗರ್ಭದಲ್ಲಿದ್ದಾಗಲೇ ಆದ ರಚನೆ ಅದು. ಕೂಡಿದ ಮೇಲೆ ಒಂದು ಉದ್ದನೆಯ ಸಾಮಾನ್ಯ ನಾಳ. ಅದರ ತುದಿಯಲ್ಲಿ ಎಲ್ಲೋ ಆ ಬಳೆ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ, ನಾರಾಯಣಪುರದಲ್ಲಿ, ಬಸವಸಾಗರ ಅಣೆಕಟ್ಟು. ಗೇಟು ಇರುವುದು ಸಂಗಮದಲ್ಲಲ್ಲ, ಸಂಗಮದ ಕೆಳಗೆ. ಗೇಟು ಮುಚ್ಚಿದಾಗ ಹಿನ್ನೀರು ಮೇಲೇರಿ ಬರುತ್ತದೆ, ಕೃಷ್ಣೆಯ ನೀರು ಮಲಪ್ರಭೆಯ ಪಾತ್ರದೊಳಗೂ ಹೊಗುತ್ತದೆ. ಅದೇ ಹಿನ್ನೀರಿನಿಂದ ಕಾಪಾಡಲೆಂದು ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಕಟ್ಟಿದ್ದನ್ನು ಅವ್ವ ಮೆಟ್ಟಿಲಿಳಿದು ನೋಡಿ ಬಂದವರು. ಮೇದೋಜೀರಕದ ನಾಳದಲ್ಲಿ ಒತ್ತಡ ಹೆಚ್ಚು, ಪಿತ್ತನಾಳದಲ್ಲಿ ಕಡಿಮೆ. ಹಾಗಾಗಿ ಇಲ್ಲಿ ಮೇದೋಜೀರಕವೇ ಕೃಷ್ಣೆ. ಬಳೆ ಬಿಗಿದಾಗಲೆಲ್ಲ ಅದರ ರಸ ಪಿತ್ತನಾಳವನ್ನು ಏರಿ ಪಿತ್ತಕೋಶವನ್ನು ಸೇರುತ್ತದೆ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡು, “ಸಂಗಮ ಅಂದ್ರ ಪುಣ್ಯಸ್ಥಳ. ನೀರಿಗೆ ನೀರು ಕೂಡಿದ್ರ ರೋಗ ಹ್ಯಾಂಗ ಬರತೈತಿ?” ಎಂದರು. ಪ್ರಶ್ನೆ ಸರಿಯಾದದ್ದೇ ಆಗಿತ್ತು. ಏರಿ ಬರುವುದು ನೀರಲ್ಲ ಎಂಬಲ್ಲಿ ನಮ್ಮ ಹೋಲಿಕೆ ಮುಗಿಯುತ್ತದೆ.

ಮೇದೋಜೀರಕ ದಿನಕ್ಕೆ ಒಂದೂವರೆ ಲೀಟರಿನಷ್ಟು ರಸವನ್ನು ಸುರಿಸುತ್ತದೆ. ಅನ್ನ, ಬೇಳೆ, ತುಪ್ಪ ಎಲ್ಲವನ್ನೂ ಅರೆದು ಕರಗಿಸುವ ಕಿಣ್ವಗಳು ಅದರಲ್ಲಿವೆ. ಗ್ರಂಥಿ ತನ್ನನ್ನು ತಾನೇ ಕರಗಿಸಿಕೊಳ್ಳಬಾರದಲ್ಲ, ಅದಕ್ಕೆ ಮುಖ್ಯ ಕಿಣ್ವಗಳು ಅಲ್ಲಿಂದ ಹೊರಡುವಾಗ ನಿದ್ರಿಸುತ್ತಿರುತ್ತವೆ. ಕರುಳನ್ನು ತಲುಪಿದ ಮೇಲೆಯೇ ಎಚ್ಚರಗೊಳ್ಳಬೇಕು. ದಾರಿ ತಪ್ಪಿ ಪಿತ್ತಕೋಶಕ್ಕೆ ಹೋದವು ಅಲ್ಲಿಯೇ ಎಚ್ಚರಗೊಳ್ಳುತ್ತವೆ. ಅವುಗಳಲ್ಲೊಂದಾದ ಫಾಸ್ಫೋಲೈಪೇಸ್ ಪಿತ್ತರಸದಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನ ವಸ್ತುವನ್ನು ಲೈಸೋಲೆಸಿಥಿನ್ ಆಗಿ ಮಾರ್ಪಡಿಸುತ್ತದೆ. ಜೀವಕೋಶಗಳ ಪೊರೆಯನ್ನು ಕೊರೆಯುವ ಗುಣ ಅದಕ್ಕಿದೆ. ಇನ್ನು ಪಿತ್ತಕೋಶದ ಕಸುಬೇ ಪಿತ್ತರಸದ ನೀರನ್ನು ಹೀರಿ ಅದನ್ನು ಹಲವು ಪಟ್ಟು ಗಟ್ಟಿಮಾಡಿ, ಮುಂದಿನ ಊಟದವರೆಗೆ ಕಾದಿಡುವುದು. ಒಳ್ಳೆಯದನ್ನು ಗಟ್ಟಿಮಾಡುವ ಹಾಗೆ ಕೆಟ್ಟದ್ದನ್ನೂ ಅದು ಗಟ್ಟಿಮಾಡಿ ಇಟ್ಟುಕೊಳ್ಳುತ್ತದೆ. ಒಳಪದರ ಸುಡುತ್ತದೆ, ಸುಟ್ಟದ್ದನ್ನು ದೇಹ ಮತ್ತೆ ಬೆಳೆಸುತ್ತದೆ, ಅದು ಮತ್ತೆ ಸುಡುತ್ತದೆ. ಹುಟ್ಟಿದಂದಿನಿಂದ ದಿನವೂ ಇದೇ ನಡೆದು ಒಳಪದರ ದಪ್ಪವಾಗುತ್ತದೆ. ಇಷ್ಟು ಅವಸರದಲ್ಲಿ, ಇಷ್ಟು ವರ್ಷ ಜೀವಕೋಶಗಳು ಒಡೆದು ಹುಟ್ಟುವಾಗ ಅವುಗಳ ವಂಶವಾಹಿಗಳಲ್ಲಿ ತಪ್ಪುಗಳು ನುಸುಳುತ್ತವೆ. ಕೆ-ರಾಸ್ ಎಂಬ ವಂಶವಾಹಿಯ ಬದಲಾವಣೆಗಳು ಇಂಥವರ ಪಿತ್ತಕೋಶದಲ್ಲಿ ಕ್ಯಾನ್ಸರ್ ಇನ್ನೂ ಕಾಣಿಸದ ಹಂತದಲ್ಲೇ ಸಿಕ್ಕಿವೆ. ದಪ್ಪವಾದ ಪದರ, ರೂಪಗೆಟ್ಟ ಪದರ, ಆಮೇಲೆ ಕ್ಯಾನ್ಸರ್ ಎಂಬುದು ಇದರ ದಾರಿ. ಕಲ್ಲುಗಳಿಂದ ಬರುವ ಪಿತ್ತಕೋಶದ ಕ್ಯಾನ್ಸರಿನ ದಾರಿ ಬೇರೆ. ಇಲ್ಲಿ ಕಲ್ಲು ಇರಲೇಬೇಕೆಂದಿಲ್ಲ.

ಇದನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಮುಂದಾಳುಗಳು ಜಪಾನಿನ ವೈದ್ಯರು. ಅಲ್ಲಿನ ಕೊಜುಮಿ ಮತ್ತು ಕೊಡಾಮ ಎಂಬವರು 1916ರಷ್ಟು ಹಿಂದೆಯೇ, ಪಿತ್ತನಾಳ ಉಬ್ಬಿದ ರೋಗಿಯೊಬ್ಬರಲ್ಲಿ ನಾಳಗಳು ಹೀಗೆ ಅಸಹಜವಾಗಿ ಕೂಡಿದ್ದನ್ನು ದಾಖಲಿಸಿದ್ದರು. ಅಮೆರಿಕದ ಬ್ಯಾಬಿಟ್ 1969ರಲ್ಲಿ ಆ ಉಬ್ಬುವಿಕೆಗೂ ಮೇದೋಜೀರಕ ರಸದ ಹಿಮ್ಮುಖ ಹರಿವಿಗೂ ಸಂಬಂಧ ಕಟ್ಟಿದ. ಜಪಾನಿನಲ್ಲಿ ಇದೊಂದಕ್ಕೇ ಮೀಸಲಾದ ಅಧ್ಯಯನ ಮಂಡಳಿ 1983ರಲ್ಲಿ ಹುಟ್ಟಿತು. 1985ರಲ್ಲಿ ಕಿಮುರ ಮತ್ತು ಸಂಗಡಿಗರು ಪಿತ್ತಕೋಶದ ಕ್ಯಾನ್ಸರಿಗೂ ಈ ರಚನೆಗೂ ಇರುವ ನಂಟನ್ನು ಎತ್ತಿ ತೋರಿಸಿದರು. ನಮ್ಮ ದೇಶದಲ್ಲೂ 1989ರಲ್ಲಿ ಮಿಶ್ರಾ ಮತ್ತು ಸಂಗಡಿಗರು ಪಿತ್ತನಾಳದ ರೋಗಿಗಳಲ್ಲಿ ಈ ಕೂಡುವಿಕೆಯನ್ನು ಪರಿಶೀಲಿಸಿ ಪ್ರಕಟಿಸಿದ್ದಾರೆ. ನಾಳಗಳ ರಚನೆ ಸರಿಯಾಗಿರುವ ಕೆಲವರಲ್ಲೂ ರಸ ಹಿಂದಕ್ಕೆ ಹರಿಯುವುದುಂಟು ಎಂದು ಆಮೇಲಿನ ಜಪಾನೀ ಅಧ್ಯಯನಗಳು ಕಂಡುಕೊಂಡವು.

ಈ ರಚನೆಯಲ್ಲಿ ಎರಡು ಬಗೆ. ಒಂದರಲ್ಲಿ ಪಿತ್ತನಾಳ ಬಲೂನಿನಂತೆ ಉಬ್ಬಿರುತ್ತದೆ. ಅಂಥ ಮಕ್ಕಳಿಗೆ ಹೊಟ್ಟೆನೋವು, ಕಾಮಾಲೆ, ಕೈಗೆ ಸಿಗುವ ಗಡ್ಡೆ ಮುಂತಾದ ಗುರುತುಗಳು ಕಾಣಿಸಿಕೊಂಡು ಬಹಳ ಸಲ ಚಿಕ್ಕಂದಿನಲ್ಲೇ ಶಸ್ತ್ರಚಿಕಿತ್ಸೆಯಾಗುತ್ತದೆ. ಇನ್ನೊಂದರಲ್ಲಿ ನಾಳ ಉಬ್ಬಿರುವುದಿಲ್ಲ, ಯಾವ ಗುರುತೂ ಇರುವುದಿಲ್ಲ. ತಂಗಿಯದು ಈ ಎರಡನೆಯದು. ಜಪಾನಿನಲ್ಲಿ 1990ರಿಂದ 2007ರವರೆಗಿನ 2,561 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದಿದೆ. ಅದರಲ್ಲಿ ನಾಳ ಉಬ್ಬಿದ ವಯಸ್ಕರ ಪೈಕಿ ಶೇಕಡ 21.6 ಜನರಿಗೆ ಪಿತ್ತನಾಳ ಅಥವಾ ಪಿತ್ತಕೋಶದ ಕ್ಯಾನ್ಸರ್ ಇತ್ತು. ಉಬ್ಬದವರಲ್ಲಿ ಆ ಪ್ರಮಾಣ ಶೇಕಡ 42.4. ಉಬ್ಬದವರ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಂಬತ್ತೆಂಟು ಪಿತ್ತಕೋಶದಲ್ಲೇ ಇದ್ದವು. ಸಾಮಾನ್ಯವಾಗಿ ಪಿತ್ತಕೋಶದ ಕ್ಯಾನ್ಸರ್ ಬರುವ ವಯಸ್ಸಿಗಿಂತ ಹತ್ತು ವರ್ಷಕ್ಕೂ ಮೊದಲೇ ಇವರಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಶೇಕಡ ನಲವತ್ತೆರಡು ಎಂಬ ಅಂಕಿಯನ್ನು ಕೇಳಿದ ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ತಂಗಿಯ ಗಂಡ ವೈದ್ಯರನ್ನು ನೇರವಾಗಿಯೇ ಕೇಳಿದರು: ಹಾಗಾದರೆ ಇಂಥ ರಚನೆಯಿರುವ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕ್ಯಾನ್ಸರ್ ಬರುತ್ತದೆಯೇ? ವೈದ್ಯರು ಕೊಟ್ಟ ಉತ್ತರ ನಮಗೆ ಬಹಳ ಬೆಲೆಯುಳ್ಳದ್ದೆನಿಸಿತು. ಈ ಅಂಕಿ ಆಸ್ಪತ್ರೆಗೆ ಬಂದವರದು. ಉಬ್ಬದ ನಾಳ ತಾನಾಗಿ ಗುರುತು ತೋರಿಸುವುದಿಲ್ಲವಾದ್ದರಿಂದ, ಎಷ್ಟೋ ಜನರಲ್ಲಿ ಕ್ಯಾನ್ಸರ್ ಬಂದ ಮೇಲೆಯೇ ಅದು ಪತ್ತೆಯಾಗುತ್ತದೆ. ಏನೂ ಆಗದೆ ಬಾಳಿ ಮುಗಿಸಿದವರು ಯಾವ ಪಟ್ಟಿಗೂ ಸೇರಿರುವುದಿಲ್ಲ. ಹಾಗಾಗಿ ನಿಜವಾದ ಅಪಾಯ ಇದಕ್ಕಿಂತ ಕಡಿಮೆಯೇ ಇರಬೇಕು. ಆದರೆ ಉಳಿದವರಿಗಿರುವ ಅಪಾಯಕ್ಕಿಂತ ಅದು ಬಹುಪಾಲು ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. “ಅಂಕಿಯನ್ನು ನಂಬಬೇಡಿ, ಅದು ತೋರಿಸುವ ದಿಕ್ಕನ್ನು ನಂಬಿ” ಎಂಬರ್ಥದ ಮಾತನ್ನು ಅವರು ಹೇಳಿದರು. ಜಪಾನಿನ ಮಾರ್ಗಸೂಚಿಯಂತೆ ಅವರ ಸಲಹೆಯೂ ಒಂದೇ ಆಗಿತ್ತು: ಪಿತ್ತಕೋಶವನ್ನು ಈಗಲೇ ತೆಗೆದುಹಾಕುವುದು.

ನಿಜವಾದ ಜಗ್ಗಾಟ ಇಲ್ಲಿಂದ ಮೊದಲಾಯಿತು. ತಂಗಿಗೆ ಒಂದು ದಿನವೂ ಹೊಟ್ಟೆ ನೋಯಿಸಿರಲಿಲ್ಲ. ಆ ವಾರವೂ ಅವಳು ಸಿಂಹಗಡ ಹತ್ತಿ ಬಂದಿದ್ದಳು. “ಅಣ್ಣಾ, ವೈನಿ, ನೀವಿಬ್ಬರೂ ನನ್ನನ್ನ ರೋಗಿ ಮಾಡಾಕ ಹೊಂಟೀರಿ” ಎಂದು ನಗುತ್ತಲೇ ಹೇಳಿದಳು. ನಗುವಿನ ಹಿಂದೆ ಇನ್ನೇನೋ ಇತ್ತು. ಅವ್ವನ ಮಾತು ಇನ್ನೂ ನೇರ: “ಛಲೋ ಇದ್ದದ್ದನ್ನ ಯಾಕ ತಗಸ್ತೀರಿ? ದೇವರು ಸುಮ್ಮನ ಇಟ್ಟಾನೇನು?” ಹಲ್ಲು ನೋಯದೆ ಹಲ್ಲು ಕೀಳಿಸಿದವರನ್ನು ಅವರು ಕಂಡಿಲ್ಲ. ಅವರ ತಲೆಮಾರಿಗೆ ನೋವೇ ವೈದ್ಯರ ಬಳಿಗೆ ಕಳಿಸುವ ದೂತ. ದೂತನೇ ಬಾರದೆ ಕತ್ತಿಯ ಕೆಳಗೆ ಮಲಗುವುದು ಅವರ ತಿಳಿವಳಿಕೆಗೆ ಒಗ್ಗದ ಮಾತು. ನಮಗೂ ಅದು ಸುಲಭವಾಗಿ ಒಗ್ಗಿತೆಂದು ಹೇಳಲಾರೆವು. ಶಸ್ತ್ರಚಿಕಿತ್ಸೆಯೆಂದರೆ ಅದಕ್ಕೂ ತನ್ನದೇ ಅಪಾಯಗಳಿವೆ, ಎಷ್ಟೇ ಸಣ್ಣವಾದರೂ. ಅದು ಬೇಡವಾಗಿತ್ತೋ ಬೇಕಾಗಿತ್ತೋ ಎಂಬುದು ಮುಂದೆ ಎಂದೂ ರುಜುವಾತಾಗುವುದಿಲ್ಲ. ತೆಗೆಸಿಕೊಂಡವಳಿಗೆ ಕ್ಯಾನ್ಸರ್ ಬಾರದಿದ್ದರೆ, ತೆಗೆಸದಿದ್ದರೂ ಬರುತ್ತಿರಲಿಲ್ಲವೇನೋ ಎಂಬ ಮಾತು ಉಳಿದೇ ಇರುತ್ತದೆ.

ಕೊನೆಗೆ ಅವ್ವನ ಮನಸ್ಸನ್ನು ತಿರುಗಿಸಿದ್ದು ಅವರದೇ ನೆನಪು. ಅವರ ಅಕ್ಕ, ನಮ್ಮ ದೊಡ್ಡವ್ವ, ಧಾರವಾಡದಲ್ಲಿ ಪಿತ್ತಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು. ಅವರದು ಕಲ್ಲಿನ ದಾರಿ. ವರ್ಷಗಟ್ಟಲೆ ಆಗಾಗ ಉಬ್ಬಸ, ಅಜೀರ್ಣ ಎಂದು ಸೋಡಾ ಕುಡಿಯುತ್ತಿದ್ದರು. ಕಣ್ಣು ಹಳದಿಯಾದಾಗ ಕಾಮಾಲೆಯೆಂದು ಹಳ್ಳಿಯ ಔಷಧಿಯಾಯಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅದು ಯಕೃತ್ತಿಗೆ ಹಬ್ಬಿತ್ತು. ನಾಲ್ಕು ತಿಂಗಳು ಬದುಕಿದರು. ಪಿತ್ತಕೋಶದ ಗೋಡೆ ತೀರ ತೆಳು. ಕರುಳಿನಲ್ಲಿರುವಂತೆ ನಡುವೆ ತಡೆಯುವ ಪದರಗಳೆಲ್ಲ ಅಲ್ಲಿಲ್ಲ, ಮಗ್ಗುಲಲ್ಲೇ ಯಕೃತ್ತು. ಆದ್ದರಿಂದಲೇ ಈ ಕ್ಯಾನ್ಸರ್ ನೋವು ಕೊಡುವ ಹೊತ್ತಿಗೆ ಬಹುತೇಕ ಹೊತ್ತು ಮೀರಿರುತ್ತದೆ. “ಅಕ್ಕಗ ನೋವು ಬಂದಾಗ ಕೆಲಸ ಮುಗಿದಿತ್ತು” ಎಂದು ಅವ್ವ ಒಂದು ಸಂಜೆ ತಾವಾಗಿಯೇ ಹೇಳಿದರು. ನೋವು ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲವೆಂದು ನಾವು ನಾಲ್ಕಾರು ವಾರಗಳಿಂದ ಹೇಳಲು ತಡಕಾಡುತ್ತಿದ್ದುದನ್ನು ಅವರು ಐದು ಮಾತಿನಲ್ಲಿ ಮುಗಿಸಿದ್ದರು. ತಂಗಿ ಅದೇ ವಾರ ದಿನ ಗೊತ್ತುಮಾಡಿಕೊಂಡಳು.

ಪಿತ್ತಕೋಶವನ್ನು ಮೊದಲು ತೆಗೆದದ್ದು ಬರ್ಲಿನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಸಣ್ಣ ರಂಧ್ರಗಳಿಂದ ತೆಗೆಯುವ ವಿಧಾನವನ್ನು ನಮ್ಮ ದೇಶಕ್ಕೆ ತಂದವರು ಮುಂಬಯಿಯ ಡಾ. ತೆಹ್ಮ್‌ಟನ್ ಉದ್ವಾಡಿಯಾ, 1990ರಲ್ಲಿ. ತಂಗಿಗೂ ಆ ವಿಧಾನದಲ್ಲೇ ಆಯಿತು; ಮೂರನೆಯ ದಿನ ಮನೆಗೆ ಬಂದಳು. ನಾಳ ಉಬ್ಬಿದ್ದರೆ ಪಿತ್ತನಾಳವನ್ನೂ ತೆಗೆದು ಯಕೃತ್ತಿನ ನಾಳವನ್ನು ನೇರವಾಗಿ ಕರುಳಿಗೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. ಅವಳಿಗೆ ಅದು ಬೇಕಾಗಲಿಲ್ಲ. ಒಳಗಿದ್ದ ಪಿತ್ತರಸದಲ್ಲಿ, ಇರಬಾರದ ಮೇದೋಜೀರಕದ ಕಿಣ್ವವಾದ ಅಮೈಲೇಸ್ ಸಾವಿರಗಟ್ಟಲೆ ಪ್ರಮಾಣದಲ್ಲಿತ್ತು. ಸೂಕ್ಷ್ಮದರ್ಶಕದ ವರದಿ ಬರಲು ಒಂಬತ್ತು ದಿನ ಹಿಡಿಯಿತು. ಒಳಪದರ ದಪ್ಪವಾಗಿ ಬೆಳೆದಿತ್ತು, ರೂಪಗೆಟ್ಟಿರಲಿಲ್ಲ, ಕ್ಯಾನ್ಸರ್ ಇರಲಿಲ್ಲ. ದಾರಿಯ ಮೊದಲ ಮೆಟ್ಟಿಲಿನಲ್ಲೇ ಅದನ್ನು ನಿಲ್ಲಿಸಿದಂತಾಗಿತ್ತು.

ವರದಿ ತರಲು ಹೋದ ದಿನ ಹೊರಗಿನ ಬೆಂಚಿನಲ್ಲಿ ನಮ್ಮ ಪಕ್ಕ ಬಿಹಾರದ ದಂಪತಿಗಳು ಕುಳಿತಿದ್ದರು. ಗಂಡ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಹೆಂಡತಿಯ ಕಣ್ಣುಗಳು ದೊಡ್ಡವ್ವನ ಕಣ್ಣುಗಳಂತೆಯೇ ಹಳದಿಯಾಗಿದ್ದವು, ಅವರದೂ ಪಿತ್ತಕೋಶವೇ. ಉತ್ತರ ಪ್ರದೇಶ, ಬಿಹಾರ, ಅಸ್ಸಾಮಿನ ಬಯಲುಗಳಲ್ಲಿ ಈ ಕ್ಯಾನ್ಸರ್ ಹೆಚ್ಚು, ಹೆಂಗಸರಲ್ಲಿ ಇನ್ನೂ ಹೆಚ್ಚು; ದಕ್ಷಿಣದಲ್ಲಿ ಕಡಿಮೆ. ಅಲ್ಲಿನದಕ್ಕೆ ಈ ನಾಳದ ರಚನೆಯೊಂದೇ ಕಾರಣವಲ್ಲ. ಕಲ್ಲುಗಳು, ದೀರ್ಘಕಾಲದ ಸೋಂಕು, ವಂಶವಾಹಿಗಳು ಎಲ್ಲವನ್ನೂ ಅಧ್ಯಯನ ಮಾಡುತ್ತಿದ್ದಾರೆ. ಮುಂಬಯಿಯ ಟಾಟಾ ಮೆಮೋರಿಯಲ್ ಸಂಶೋಧಕರು 2016ರಲ್ಲಿ ಹುಟ್ಟಿದ ಊರಿಗೂ ಈ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪರಿಶೀಲಿಸಿ, ಹೆಚ್ಚಿನ ಅಪಾಯದ ಪ್ರದೇಶದಲ್ಲಿ ಹುಟ್ಟಿದವರಿಗೆ ಅಪಾಯವೂ ಹೆಚ್ಚೆಂದು ಕಂಡರು. ಊರು ಬಿಟ್ಟು ಬಂದ ನಮ್ಮಂಥವರು ಊರಿನಿಂದ ಮಾತು, ಉಪ್ಪಿನಕಾಯಿ, ದೇವರ ಫೋಟೋ ತಂದೆವು ಎಂದುಕೊಂಡಿರುತ್ತೇವೆ. ಎಣಿಕೆಗೆ ಸಿಗದ ಇನ್ನೂ ಎಷ್ಟೋ ಸಂಗತಿಗಳು ಮೈಯೊಳಗೇ ಪಯಣಿಸುತ್ತವೆ. ಆ ಹೆಂಗಸಿಗೆ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವ ಕಚೇರಿ ಇರಲಿಲ್ಲ. ತಂಗಿಗೂ ಆಕೆಗೂ ನಡುವೆ ಇದ್ದ ವ್ಯತ್ಯಾಸದಲ್ಲಿ ನಮ್ಮ ಜಾಣತನದ ಪಾಲು ಏನೂ ಇರಲಿಲ್ಲ ಎಂಬುದು ಆ ಬೆಂಚಿನ ಮೇಲೆ ನಮಗೆ ಚೆನ್ನಾಗಿ ತಿಳಿಯಿತು.

ಪಿತ್ತಕೋಶ ಹೋದರೂ ತಂಗಿಯ ನಾಳಗಳ ಸಂಗಮ ಇದ್ದಲ್ಲೇ ಇದೆ. ರಸ ಈಗಲೂ ಪಿತ್ತನಾಳವನ್ನು ಏರುತ್ತಿರಬಹುದು. ಕೂಡಿಟ್ಟು ಗಟ್ಟಿಮಾಡುವ ಚೀಲ ಇಲ್ಲದ್ದರಿಂದ ಅಲ್ಲಿ ನಿಂತು ಸುಡುವುದು ಕಡಿಮೆ. ಆದರೂ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸುವಂತಿಲ್ಲ. ಅವಳು ಊಟದಲ್ಲಿ ಏನನ್ನೂ ಬಿಟ್ಟಿಲ್ಲ. ಕರಿದದ್ದು ಹೆಚ್ಚಾದರೆ ಮಾತ್ರ ಸ್ವಲ್ಪ ಕಷ್ಟ. ಅವ್ವನ ಜೀರಿಗೆ ಕಷಾಯ ಮುಂದುವರಿದಿದೆ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

ಇಷ್ಟನ್ನೂ ಬರೆದಿಡಲು ಕಾರಣ, ಕನ್ನಡದಲ್ಲಿ ಇದನ್ನು ಮನೆಯವರಿಗೆ ಹೇಳಬೇಕಾಗಿ ಬರುವವರು ಇನ್ನೂ ಇದ್ದಾರು ಎಂಬುದು. ಅಲ್ಟ್ರಾಸೌಂಡ್ ವರದಿಯಲ್ಲಿ ಪಿತ್ತಕೋಶದ ಗೋಡೆ ದಪ್ಪವೆಂದು ಬರೆದಿದ್ದರೆ ಗಾಬರಿಯಾಗಬೇಕಿಲ್ಲ. ಡೆಂಗಿ, ಕಾಮಾಲೆ ಮುಂತಾಗಿ ಅದಕ್ಕೆ ಹತ್ತು ಸಾಮಾನ್ಯ ಕಾರಣಗಳಿವೆ. ಬಹಳ ಸಲ ಅದು ತಾನಾಗಿ ಇಳಿಯುತ್ತದೆ. ಕಲ್ಲಿಲ್ಲದೆ, ಜ್ವರವಿಲ್ಲದೆ, ತಿಂಗಳುಗಳು ಕಳೆದರೂ ಇಳಿಯದಿದ್ದರೆ ಮಾತ್ರ, ನಾಳಗಳು ಕೂಡುವ ಜಾಗವನ್ನು ನೋಡಿದ್ದೀರಾ ಎಂದು ವೈದ್ಯರನ್ನು ಒಮ್ಮೆ ಕೇಳಬಹುದು. ಯಾವ ಭಾಷೆಯಲ್ಲಿ ಕೇಳಿದರೂ ಆದೀತು.